ಬಿರುಕಿಗೆ ನವೆಂಬರ್, ಹೊಂಡಕ್ಕೆ ಜುಲೈ

ಗೋರೆಗಾಂವ್‌ನ ಸೊಸೈಟಿಗಳ ಡಾಂಬರು ಅಂಗಳ ಮಳೆಗಾಲದಲ್ಲಿ ಕಿತ್ತು ಬರುವುದೇಕೆ? ರಿಪೇರಿ ಯಾವಾಗ, ಹೇಗೆ?

ಮುಂಬಯಿಯ ರಸ್ತೆ ಕೆಲಸಕ್ಕೆ ಒಂದು ಗಡುವು ಉಂಟು: ಮೇ 31. ಅಷ್ಟರೊಳಗೆ ಅಗೆದದ್ದನ್ನೆಲ್ಲ ಮುಚ್ಚಬೇಕು, ಡಾಂಬರು ಹಾಕಬೇಕು, ನಾಲಾಗಳ ಹೂಳು ತೆಗೆಯಬೇಕು ಎಂದು ಬೃಹನ್ಮುಂಬಯಿ ಮಹಾನಗರಪಾಲಿಕೆ ಪ್ರತಿವರ್ಷ ತಾಕೀತು ಮಾಡುತ್ತದೆ. ಆ ಹೊತ್ತಿಗೆ ಗೋರೆಗಾಂವ್‌ನ ಎಸ್.ವಿ. ರೋಡ್, ಲಿಂಕ್ ರೋಡ್ ಕಡೆಯ ಕೆಲಸ ನೋಡಿ ಒಳಗಲ್ಲಿಗಳ ಹೌಸಿಂಗ್ ಸೊಸೈಟಿಗಳೂ ಎಚ್ಚರಗೊಳ್ಳುತ್ತವೆ. ಸೆಕ್ರೆಟರಿಯಿಂದ ಕಂಟ್ರಾಕ್ಟರನಿಗೆ ಫೋನು ಹೋಗುತ್ತದೆ. ಅವನು ಸಿಗುವುದಿಲ್ಲ, ಸಿಕ್ಕರೆ ಅವನು ಹೇಳಿದ್ದೇ ರೇಟು. ಮಳೆಯ ಮೋಡ ಕಾಣಿಸುವಷ್ಟರಲ್ಲಿ ಹಳೆಯ ಡಾಂಬರಿನ ಮೇಲೆ ಒಂದಿಂಚು ಹೊಸ ಡಾಂಬರು ಬಿದ್ದಿರುತ್ತದೆ. ಅಂಗಳ ಕಪ್ಪಗೆ ಹೊಳೆಯುತ್ತದೆ. ಜುಲೈ ಬರುವಾಗ ಹಳೆಯ ಜಾಗದಲ್ಲೇ ಹೊಂಡ, ಹೊಂಡದಲ್ಲಿ ಕೆಸರು, ಸುತ್ತ ಚೆಲ್ಲಾಡಿದ ಜಲ್ಲಿ.

ಆಗ ಎಲ್ಲರೂ ಬೈಯುವುದು ಕಂಟ್ರಾಕ್ಟರನನ್ನು. ಬೈಯಲು ಕಾರಣ ಇದ್ದರೂ ಇದ್ದೀತು. ಆದರೆ ಜುಲೈಯ ಆ ಹೊಂಡ ಹಿಂದಿನ ಮಳೆಗಾಲ ಮುಗಿದಾಗಲೇ ಅಂಗಳದಲ್ಲಿತ್ತು, ಬೆರಳು ಕೂಡ ಹೊಗದಷ್ಟು ಸಣ್ಣ ಬಿರುಕಾಗಿ. ಆಮೇಲೆ ಏಳೆಂಟು ತಿಂಗಳು ಬಿಸಿಲೂ ಇತ್ತು, ಒಣ ಹವೆಯೂ ಇತ್ತು, ಪುರುಸೊತ್ತೂ ಇತ್ತು. ಯಾರೂ ಬಗ್ಗಿ ನೋಡಲಿಲ್ಲ. ಮುಂಬಯಿಯಲ್ಲಿ ಡಾಂಬರಿನ ಬಿರುಕಿಗೆ ಮದ್ದು ಮಾಡುವ ಕಾಲ ನವೆಂಬರಿನಿಂದ ಫೆಬ್ರವರಿ. ಮೇ ಕೊನೆಯಲ್ಲಿ ಮಾಡುವುದೆಲ್ಲ ಬರೀ ಸಮಾಧಾನಕ್ಕೆ.

ಅಂಗಳ ಯಾರ ಪಾಲಿಗೆ

ಗೇಟಿನ ಹೊರಗಿನ ರಸ್ತೆ ಪಾಲಿಕೆಯದು. ಗೋರೆಗಾಂವ್ ಅದರ ಪಿ-ದಕ್ಷಿಣ ವಾರ್ಡಿಗೆ ಸೇರುತ್ತದೆ. ಗೇಟು ದಾಟಿ ಒಳಗೆ ಬಂದರೆ ಲೆಕ್ಕ ಬೇರೆ. ಮಹಾರಾಷ್ಟ್ರದ ಸಹಕಾರಿ ಗೃಹನಿರ್ಮಾಣ ಸೊಸೈಟಿಗಳ ಮಾದರಿ ಉಪವಿಧಿಗಳಲ್ಲಿ ಸೊಸೈಟಿ ತನ್ನ ಖರ್ಚಿನಲ್ಲೇ ಮಾಡಿಸಬೇಕಾದ ರಿಪೇರಿಗಳ ಪಟ್ಟಿಯೊಂದಿದೆ. ಕಂಪೌಂಡ್ ಗೋಡೆ, ಹೊರಗಿನ ನೀರಿನ ಪೈಪು, ಪಂಪುಗಳ ಜೊತೆಗೆ ಒಳರಸ್ತೆಗಳೂ ಆ ಪಟ್ಟಿಯಲ್ಲಿವೆ. ಇದಕ್ಕೆಂದೇ ಪ್ರತಿ ಫ್ಲ್ಯಾಟಿನ ನಿರ್ಮಾಣ ವೆಚ್ಚದ ಕನಿಷ್ಠ ಶೇ. 0.75ರಷ್ಟನ್ನು ವರ್ಷವರ್ಷವೂ ರಿಪೇರಿ ನಿಧಿಗೆ, ಶೇ. 0.25ರಷ್ಟನ್ನು ಸಿಂಕಿಂಗ್ ಫಂಡಿಗೆ ಕೂಡಿಸಬೇಕೆಂಬ ನಿಯಮವೂ ಇದೆ.

ಅಂದರೆ ಹೊಣೆ ಗೊತ್ತಿದೆ, ಹಣಕ್ಕೆ ದಾರಿಯೂ ಇದೆ. ಆದರೆ ವಾರ್ಷಿಕ ಮಹಾಸಭೆಯಲ್ಲಿ ಮಾತು ಹೊರಡುವುದು ಟೆರೇಸಿನ ಸೋರಿಕೆ, ಲಿಫ್ಟು, ಹೊರಗೋಡೆಯ ಬಣ್ಣ, ಮತ್ತೆ ಎಂದೂ ಮುಗಿಯದ ಪಾರ್ಕಿಂಗ್ ಜಗಳದ ಮೇಲೆ. ಅಂಗಳದ ಬಿರುಕಿಗಾಗಿ ಅರ್ಜಿ ಕೊಡುವವರಿಲ್ಲ. ಅದು ಯಾರ ಮನೆಯ ಸೀಲಿಂಗಿನಿಂದಲೂ ತೊಟ್ಟಿಕ್ಕುವುದಿಲ್ಲವಲ್ಲ.

ಹಿಮದ ಊರಿನಲ್ಲಿ, ಮಳೆಯ ಊರಿನಲ್ಲಿ

ಟೊರಾಂಟೊ, ಶಿಕಾಗೊ, ಮಿನಿಯಾಪೊಲಿಸ್ ಕಡೆ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವಿಷಯ ಹೊಸದಲ್ಲ. ಅಲ್ಲಿ ಬೀದಿಯಿಂದ ಗ್ಯಾರೇಜಿನವರೆಗಿನ ಡಾಂಬರು ತುಂಡು ಮನೆಯವರದೇ ಸ್ವತ್ತು, ಅದರ ಬಿರುಕೂ ಅವರದೇ. ಬಿರುಕಿಗಿಳಿದ ನೀರು ಚಳಿಗಾಲದ ರಾತ್ರಿ ಹೆಪ್ಪುಗಟ್ಟುವಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಹಗಲು ಕರಗಿ ಇನ್ನಷ್ಟು ಆಳಕ್ಕಿಳಿಯುತ್ತದೆ, ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಕೆಳಗಿನ ಮಣ್ಣಿನಲ್ಲಿ ಐಸಿನ ಪದರಗಳು ಬೆಳೆದು ಡಾಂಬರನ್ನೇ ಮೇಲಕ್ಕೆತ್ತುವುದೂ ಉಂಟು. ವಸಂತದಲ್ಲಿ ಆ ಐಸ್ ಕರಗಿದಾಗ ಅಡಿಯ ಮಣ್ಣು ಮೆತ್ತಗಾಗುತ್ತದೆ, ಕಾರು ಹತ್ತಿದರೆ ಮೇಲ್ಮೈ ಕುಸಿಯುತ್ತದೆ.

ಅದಕ್ಕೇ ಅಲ್ಲಿನವರು ಹಿಮ ಬೀಳುವುದಕ್ಕೆ ತಿಂಗಳುಗಳ ಮುಂಚೆ, ಹವೆ ಇನ್ನೂ ಬೆಚ್ಚಗಿರುವಾಗಲೇ, ಬಿರುಕು ತುಂಬುತ್ತಾರೆ. ಸಣ್ಣದಕ್ಕೆ ಅಂಗಡಿಯಲ್ಲಿ ಸಿಗುವ ದ್ರವರೂಪದ ಫಿಲ್ಲರ್. ಅಗಲವಾದದ್ದಕ್ಕೆ ರಬ್ಬರು ಬೆರೆಸಿ ಕಾಯಿಸಿ ಹೊಯ್ಯುವ ಸೀಲಂಟ್. ಚಳಿಯಲ್ಲಿ ಬಿರುಕು ಅಗಲವಾಗಿ ಬೇಸಿಗೆಯಲ್ಲಿ ಕಿರಿದಾಗುವುದರಿಂದ, ತುಂಬಿದ ವಸ್ತು ಅದರೊಂದಿಗೆ ಹಿಗ್ಗಿ ಕುಗ್ಗಬೇಕು. ಸಿಮೆಂಟು ತುಂಬಿದರೆ ಮರುವರ್ಷವೇ ಅಂಚು ಬಿಟ್ಟುಕೊಳ್ಳುತ್ತದೆ. ಮೇಲ್ಮೈಗೆ ಬಳಿಯುವ ಕಪ್ಪು ಲೇಪದ ವಿಷಯದಲ್ಲೂ ಅಲ್ಲಿ ಎಚ್ಚರ ಮೂಡಿದೆ. ಕಲ್ಲಿದ್ದಲಿನ ಟಾರ್‌ನಿಂದ ಮಾಡಿದ ಲೇಪದಲ್ಲಿನ ವಿಷಕಾರಿ ಅಂಶಗಳು ಮಳೆನೀರಿನೊಂದಿಗೆ ಕೆರೆ ಸೇರುತ್ತವೆ ಎಂಬ ಕಾರಣಕ್ಕೆ ಮಿನ್ನೆಸೋಟ ರಾಜ್ಯ 2014ರಿಂದ ಅದನ್ನು ನಿಷೇಧಿಸಿತು.

ಗೋರೆಗಾಂವ್‌ನಲ್ಲಿ ನೀರು ಹೆಪ್ಪುಗಟ್ಟುವ ಪ್ರಶ್ನೆಯೇ ಇಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1962ರ ಜನವರಿಯ 7.4 ಡಿಗ್ರಿ. ಇಲ್ಲಿ ನೀರು ನೀರಾಗಿಯೇ ಬಂದು ಕೆಡಿಸುತ್ತದೆ. ಟೊರಾಂಟೊದಲ್ಲಿ ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ ಬೀಳುವುದು 800 ಮಿಲಿಮೀಟರ್ ಆಸುಪಾಸು. ಮುಂಬಯಿ ಉಪನಗರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ 2,000 ಮಿಲಿಮೀಟರಿಗೂ ಹೆಚ್ಚು. 2005ರ ಜುಲೈ 26ರಂದಂತೂ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಸುರಿಯಿತು. ಟೊರಾಂಟೊದ ಒಂದಿಡೀ ವರ್ಷದ ಪಾಲು ಇಲ್ಲಿ ಒಂದೇ ದಿನಕ್ಕೆ.

ಚಳಿನಾಡಿನ ಸೀಲಂಟು ಇಲ್ಲಿ ಅಗತ್ಯವಿಲ್ಲದಿರಬಹುದು, ಅಲ್ಲಿನವರ ಮುಂಜಾಗ್ರತೆ ಮಾತ್ರ ಬೇಕೇ ಬೇಕು.

ನೀರು ಒಳಗಿಳಿದ ಮೇಲೆ

ಡಾಂಬರು ರಸ್ತೆಯೆಂದರೆ ಕೆಳಗೆ ತಟ್ಟಿ ಗಟ್ಟಿಮಾಡಿದ ಮಣ್ಣು, ಅದರ ಮೇಲೆ ದಪ್ಪ ಜಲ್ಲಿ, ಎಲ್ಲಕ್ಕಿಂತ ಮೇಲೆ ಬಿಟುಮೆನ್ ಸವರಿದ ಸಣ್ಣ ಜಲ್ಲಿಯ ಪದರ. ಸೊಸೈಟಿ ಅಂಗಳದಲ್ಲಿ ಈ ಮೇಲಿನ ಪದರ ಎರಡು ಇಂಚು ದಾಟುವುದು ಅಪರೂಪ. ಅದು ಹೊರೆ ಹೊರುವುದು ಅಷ್ಟಕ್ಕಷ್ಟೇ. ಅದರ ಮುಖ್ಯ ಕೆಲಸ ಕೊಡೆಯದು. ಕೆಳಗಿನ ಜಲ್ಲಿ, ಮಣ್ಣು ಒಣಗಿದ್ದಷ್ಟು ಕಾಲ ರಸ್ತೆ ಗಟ್ಟಿ.

ನಾವು ಡಾಂಬರು ಎನ್ನುವುದು ಇಂದು ಪೆಟ್ರೋಲಿಯಂನಿಂದ ಬರುವ ಬಿಟುಮೆನ್. ಚೆಂಬೂರಿನ ಮಗ್ಗುಲಲ್ಲಿರುವ ಮಾಹುಲ್‌ನ ರಿಫೈನರಿಗಳಲ್ಲೂ ಅದು ತಯಾರಾಗುತ್ತದೆ. ಹೊಸತಾಗಿದ್ದಾಗ ಅದಕ್ಕೆ ಬಾಗುವ ಗುಣ ಇರುತ್ತದೆ. ಬಿಸಿಲಿಗೆ, ಗಾಳಿಯ ಆಮ್ಲಜನಕಕ್ಕೆ ವರ್ಷಗಟ್ಟಲೆ ಒಡ್ಡಿಕೊಂಡಾಗ ಆ ಗುಣ ಹೋಗಿ ಪೆಡಸಾಗುತ್ತದೆ. ಹೆಚ್ಚು ವಾಹನ ಓಡದ ಅಂಗಳದಲ್ಲೂ ಬಿರುಕು ಬಿಡುವುದು ಇದರಿಂದ. ಮಳೆ ಬಂದಾಗ ನೀರು ಆ ಸೀಳಿನಲ್ಲಿ ಇಳಿದು ಅಡಿಯಲ್ಲಿ ಮಡುಗಟ್ಟುತ್ತದೆ. ಮೇಲೆ ಚಕ್ರ ಹಾದಾಗಲೆಲ್ಲ ಆ ನೀರು ಒತ್ತಡಕ್ಕೆ ಸಿಕ್ಕಿ, ಜಲ್ಲಿಯ ನಡುವಿನ ಸಣ್ಣ ಮಣ್ಣನ್ನು ಹೊತ್ತು ಬಿರುಕಿನಿಂದ ಹೊರಕ್ಕೆ ಚಿಮ್ಮುತ್ತದೆ. ಮಳೆ ನಿಂತ ಮೇಲೆ ಬಿರುಕಿನ ಅಂಚಿನಲ್ಲಿ ಮಣ್ಣಿನ ಬಣ್ಣದ ಗೆರೆ ಕಂಡರೆ ಅಡಿಪಾಯ ಕರಗಿ ಹೊರಬರುತ್ತಿದೆ ಎಂದೇ ತಿಳಿಯಬೇಕು.

ಇನ್ನೊಂದು ಕೆಡುಕು ಕಣ್ಣಿಗೆ ಕಾಣದೆ ನಡೆಯುತ್ತದೆ. ಕಲ್ಲಿಗೆ ಬಿಟುಮೆನ್‌ಗಿಂತ ನೀರಿನ ಮೇಲೆ ಒಲವು ಹೆಚ್ಚು. ನೀರು ಬಹಳ ಕಾಲ ನಿಂತರೆ ಕಲ್ಲಿನ ಮೈಯಿಂದ ಬಿಟುಮೆನ್ ಸುಲಿದು ಬರುತ್ತದೆ. ಮುಂಬಯಿ ಸುತ್ತಿನ ಕಪ್ಪು ಬಸಾಲ್ಟ್ ಜಲ್ಲಿ ಈ ಮಟ್ಟಿಗೆ ಬೆಣಚುಕಲ್ಲಿನ ಅಂಶ ಹೆಚ್ಚಿರುವ ಗ್ರಾನೈಟ್ ಜಲ್ಲಿಗಿಂತ ವಾಸಿ, ಬಿಟುಮೆನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆದರೆ ನಾಲ್ಕು ತಿಂಗಳು ನೀರಲ್ಲಿ ನೆನೆದರೆ ಬಸಾಲ್ಟ್ ಕೂಡ ಸೋಲುತ್ತದೆ.

ಇಷ್ಟರ ಮೇಲೆ ನೀರಿನ ಟ್ಯಾಂಕರ್. 10,000 ಲೀಟರ್ ಟ್ಯಾಂಕರಿನಲ್ಲಿ ನೀರಿನ ತೂಕವೇ 10 ಟನ್. 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಒಂದು ಸ್ಥೂಲ ಸೂತ್ರ ಕಂಡುಕೊಂಡರು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಹದಿನಾರು ಪಟ್ಟು. ಸಣ್ಣ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ನಿಗಿಂತ ತುಸು ಹೆಚ್ಚು ಭಾರ. ತುಂಬಿದ ಟ್ಯಾಂಕರಿನ ಹಿಂದಿನ ಅಚ್ಚಿನ ಮೇಲೆ ಸುಮಾರು 10 ಟನ್. ಆ ಸೂತ್ರ ಹಿಡಿದರೆ ಟ್ಯಾಂಕರಿನ ಒಂದು ಸುತ್ತು ಸಾವಿರಾರು ಕಾರುಗಳ ಓಡಾಟವನ್ನು ಮೀರಿಸುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವ ಸೊಸೈಟಿಯಲ್ಲಿ ಗೇಟಿನಿಂದ ನೆಲದಡಿಯ ಟ್ಯಾಂಕಿನವರೆಗಿನ ದಾರಿಯೇ ಮೊದಲು ಒಡೆಯುವುದಕ್ಕೆ ಇದೇ ಕಾರಣ. ಆ ಪಟ್ಟಿಯನ್ನು ಉಳಿದ ಅಂಗಳಕ್ಕಿಂತ ದಪ್ಪವಾಗಿ ಕಟ್ಟಿಸಬೇಕು.

ಯಾವ ಬಿರುಕು, ಯಾವ ಅರ್ಥ

ಮದ್ದು ಮಾಡುವ ಮೊದಲು ರೋಗ ಗುರುತಿಸಬೇಕು. ಅದಕ್ಕೆ ಒಳ್ಳೆಯ ದಿನ ಅಕ್ಟೋಬರಿನಲ್ಲಿ ಕೊನೆಯ ಮಳೆ ಬಿದ್ದು ನಿಂತ ಮರುದಿನ. ಅಂಗಳವೆಲ್ಲ ಒಣಗಿ ತಿಳಿಬಣ್ಣಕ್ಕೆ ತಿರುಗಿದಾಗ, ಒಳಗೆ ನೀರು ಹಿಡಿದಿಟ್ಟುಕೊಂಡ ಬಿರುಕುಗಳು ಮಾತ್ರ ಕಪ್ಪು ಗೆರೆಗಳಾಗಿ ಉಳಿಯುತ್ತವೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟರೆ ಅರ್ಧ ಕೆಲಸ ಆದ ಹಾಗೆ.

ಒಂಟಿಯಾಗಿ ಉದ್ದಕ್ಕೆ ಓಡಿದ ಬಿರುಕು ಬಹುಪಾಲು ವಯಸ್ಸಿನದು ಅಥವಾ ಎರಡು ಪಟ್ಟಿಗಳ ಜೋಡಣೆಯದು, ತುಂಬಿದರೆ ಸಾಕು. ದೊಡ್ಡ ಚೌಕಗಳಾಗಿ ಒಡೆದಿದ್ದರೆ ಬಿಟುಮೆನ್ ಮುಪ್ಪಾಗಿದೆ. ಇನ್ನೂ ತುಂಬಬಹುದು, ಆದರೆ ಕೆಲವು ವರ್ಷಗಳಲ್ಲಿ ಮೇಲ್ಪದರ ಬದಲಿಸುವ ಯೋಚನೆ ಇರಲಿ. ಎರಡು ಸಮಾನಾಂತರ ಗೆರೆಗಳಾಗಿ ಓಡಿ ನಡುವೆ ತಗ್ಗಾಗಿದ್ದರೆ ಅದು ಕೇಬಲ್ಲಿಗೋ ಗ್ಯಾಸ್ ಪೈಪಿಗೋ ಅಗೆದು, ಸರಿಯಾಗಿ ತಟ್ಟದೆ ಮುಚ್ಚಿದ ಕಾಲುವೆ. ಮುಂಬಯಿಯಲ್ಲಿ ಬಹಳ ಕಾಣುವ ಕಾಯಿಲೆ ಇದು. ಅದನ್ನು ಮೇಲಿಂದ ಮುಚ್ಚಿ ಪ್ರಯೋಜನವಿಲ್ಲ, ಮತ್ತೆ ತೆಗೆದು ಪದರಪದರವಾಗಿ ತಟ್ಟಿ ತುಂಬಬೇಕು. ಚೇಂಬರ್ ಮುಚ್ಚಳದ ಸುತ್ತಲಿನ ಬಿರುಕಿಗೂ ಇದೇ ಮಾತು.

ಕೊನೆಯದು ಮೊಸಳೆ ಬಿರುಕು. ಚಕ್ರದ ದಾರಿಯಲ್ಲಿ ಮೊಸಳೆಯ ಚರ್ಮದಂಥ ಸಣ್ಣ ಸಣ್ಣ ತುಂಡುಗಳ ಬಲೆ ಕಂಡರೆ ಅಡಿಪಾಯವೇ ಸೋತಿದೆ. ಅಲ್ಲಿ ಯಾವ ಸೀಲಂಟು ಸುರಿದರೂ ಹಣ ಹಾಳು.

ಕೆಲಸ ನಡೆಯಬೇಕಾದ ರೀತಿ

ನೀರಿನ ದಾರಿ ಮೊದಲು, ಬಿರುಕು ಆಮೇಲೆ. ಅಂಗಳದ ಇಳಿಜಾರು ಮೀಟರಿಗೆ ಸುಮಾರು ಎರಡು ಸೆಂಟಿಮೀಟರ್ ಇದ್ದರೆ ಮಳೆನೀರು ನಿಲ್ಲದೆ ಗಟಾರಕ್ಕೆ ಹರಿಯುತ್ತದೆ. ಗಟಾರದ ಜಾಲರಿ ಎಲೆ, ಪ್ಲಾಸ್ಟಿಕ್ ಚೀಲಗಳಿಂದ ಕಟ್ಟಿಕೊಂಡಿದ್ದರೆ, ಟೆರೇಸಿನ ನೀರಿಳಿಯುವ ಪೈಪು ನೇರ ಡಾಂಬರಿನ ಮೇಲೆ ಸುರಿಯುತ್ತಿದ್ದರೆ ಮುಂದಿನ ಕೆಲಸವೆಲ್ಲ ವ್ಯರ್ಥ.

ಬಿರುಕು ತುಂಬುವಲ್ಲಿ ಮುಕ್ಕಾಲು ಪಾಲು ಶ್ರಮ ಸ್ವಚ್ಛತೆಗೇ ಹೋಗಬೇಕು. ಬೆಳೆದ ಹುಲ್ಲನ್ನು ಬೇರುಸಹಿತ ಕೀಳಬೇಕು, ಒಳಗಿನ ಮಣ್ಣನ್ನು ತಂತಿಯ ಬ್ರಷ್‌ನಿಂದ ಕೆರೆದು ಕಂಪ್ರೆಸರಿನ ಗಾಳಿಯಿಂದ ಊದಿ ತೆಗೆಯಬೇಕು, ಸೀಳಿನ ಒಳಗೋಡೆ ಒಣಗಿರಬೇಕು. ಮಣ್ಣಿಗಾಗಲಿ ತೇವಕ್ಕಾಗಲಿ ಬಿಟುಮೆನ್ ಅಂಟುವುದಿಲ್ಲ. ಕೂದಲೆಳೆಯಂಥ ಬಿರುಕುಗಳ ಮೇಲೆ ತೆಳುವಾಗಿ ಬಿಟುಮೆನ್ ಎಮಲ್ಷನ್ ಹರಡಿ ಸಣ್ಣ ಮರಳು ಎರಚಿದರೆ ಸಾಕು. ಕೆಲವು ಮಿಲಿಮೀಟರ್ ಅಗಲದವಕ್ಕೆ ಎಮಲ್ಷನ್ನನ್ನೋ ರಬ್ಬರು ಬೆರೆಸಿದ ಬಿಸಿ ಬಿಟುಮೆನ್ನನ್ನೋ ಒಳಕ್ಕೆ ಹೊಯ್ಯಬೇಕು. ಇನ್ನೂ ಅಗಲವಾದರೆ ಬಿಟುಮೆನ್ ಜೊತೆ ಕಲ್ಲುಪುಡಿ ಕಲಸಿ ಒತ್ತಿ ತುಂಬಬೇಕು. ಅಂಚು ಮೀರಿ ಮೇಲೆ ದಿಂಡುಗಟ್ಟಬಾರದು; ಹಾಗೆ ಉಬ್ಬಿದ್ದು ಮೇ ಬಿಸಿಲಿಗೆ ಮೆತ್ತಗಾಗಿ ಟಯರಿಗೆ ಅಂಟಿಕೊಂಡು ಕಿತ್ತು ಬರುತ್ತದೆ. ಆ ಬಿಸಿಲಿನಲ್ಲಿ ಡಾಂಬರಿನ ಮೈ 60 ಡಿಗ್ರಿಯ ಆಸುಪಾಸಿಗೆ ಏರುವುದುಂಟು.

ಮೊಸಳೆ ಬಿರುಕಿನ ಜಾಗವನ್ನು ಅದರ ಅಂಚಿನಿಂದ ಇನ್ನಷ್ಟು ಹೊರಕ್ಕೆ, ಗಟ್ಟಿ ಡಾಂಬರು ಸಿಗುವವರೆಗೆ ಚೌಕವಾಗಿ ಕತ್ತರಿಸಬೇಕು. ಗೋಡೆಗಳು ನೆಟ್ಟಗಿರಲಿ. ಕೆಸರಾದ ಜಲ್ಲಿಯನ್ನೆಲ್ಲ ತೆಗೆದು ಒಣ ಜಲ್ಲಿ ತುಂಬಿ ತಟ್ಟಿ, ತಳಕ್ಕೂ ಪಕ್ಕಕ್ಕೂ ಬಿಟುಮೆನ್‌ನ ತೆಳು ಲೇಪ ಕೊಟ್ಟು, ಬಿಸಿ ಮಿಶ್ರಣವನ್ನು ಪದರಪದರವಾಗಿ ಹಾಕಿ ರೋಲರ್ ಓಡಿಸಬೇಕು. ಮಿಶ್ರಣ ತಣ್ಣಗಾದ ಮೇಲೆ ಎಷ್ಟು ರೋಲರ್ ಓಡಿಸಿದರೂ ಅದು ಗಟ್ಟಿಯಾಗುವುದಿಲ್ಲ. ಕೊನೆಗೆ ಹೊಸದೂ ಹಳೆಯದೂ ಕೂಡುವ ಅಂಚನ್ನು ಸುತ್ತಲೂ ಸೀಲ್ ಮಾಡಬೇಕು. ಇದನ್ನು ಮಾಡದ ತೇಪೆಗಳೇ ಹೆಚ್ಚು, ಮುಂದಿನ ಬಿರುಕು ಏಳುವುದೂ ಅಲ್ಲಿಂದಲೇ.

ಇಷ್ಟನ್ನು ನೆಟ್ಟಗೆ ಮಾಡಲು ಸಾಲಾಗಿ ಕೆಲವು ಒಣ ದಿನಗಳು, ಬಿಡುವಿರುವ ಕೆಲಸಗಾರರು, ಕಾರುಗಳನ್ನು ಬೇರೆಡೆ ನಿಲ್ಲಿಸಲು ಒಪ್ಪುವ ಸದಸ್ಯರು ಬೇಕು. ಈ ಮೂರೂ ಒಟ್ಟಿಗೆ ಸಿಗುವುದು ದೀಪಾವಳಿ ಕಳೆದ ಮೇಲೆ. ಆಗ ಹವೆ ತಂಪಾಗಿ ಬಿರುಕುಗಳೂ ಸ್ವಲ್ಪ ಬಾಯಿ ಬಿಟ್ಟಿರುವುದರಿಂದ ತುಂಬಿದ್ದು ಚೆನ್ನಾಗಿ ಒಳಗಿಳಿಯುತ್ತದೆ.

ಮಳೆಯ ನಡುವೆ ಹೊಂಡ ಬಿದ್ದರೆ

ಬಿದ್ದರೆ ಕಾಯುವಂತಿಲ್ಲ, ತಾತ್ಕಾಲಿಕವಾಗಿ ಮುಚ್ಚಲೇಬೇಕು. ನೀರು ನಿಂತ ಹೊಂಡಕ್ಕೆ ಬಿಸಿ ಡಾಂಬರು ಸುರಿದರೆ ನೀರು ಆವಿಯಾಗಿ ಮಿಶ್ರಣವನ್ನೇ ಸಡಿಲಗೊಳಿಸುತ್ತದೆ. ಹಾಗಾಗಿ ಬಂದದ್ದು ಕೋಲ್ಡ್ ಮಿಕ್ಸ್, ಅಂದರೆ ಕಾಯಿಸದೆ ಚೀಲದಿಂದ ನೇರ ಸುರಿದು ತಟ್ಟುವ ಮಿಶ್ರಣ. ಇದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ಪ್ರತ್ಯೇಕ ಮಾನದಂಡವನ್ನೇ ತಂದಿದೆ. ಮುಂಬಯಿ ಪಾಲಿಕೆ ಇಸ್ರೇಲ್, ಆಸ್ಟ್ರಿಯಾಗಳಿಂದ ಇಂಥ ಮಿಶ್ರಣ ತರಿಸಿ ಪ್ರಯೋಗ ಮಾಡಿ, ಮುಂದೆ ವರ್ಲಿಯ ತನ್ನ ಡಾಂಬರು ಘಟಕದಲ್ಲೇ ತಯಾರಿಸತೊಡಗಿತು. 2022ರಲ್ಲಿ ಬೇಗ ಗಟ್ಟಿಯಾಗುವ ಕಾಂಕ್ರೀಟ್, ಎಂ-60 ಕಾಂಕ್ರೀಟ್, ಜಿಯೊಪಾಲಿಮರ್ ಕಾಂಕ್ರೀಟ್, ಪೇವರ್ ಬ್ಲಾಕ್ ಹೀಗೆ ನಾಲ್ಕು ವಿಧಾನಗಳನ್ನು ಪರೀಕ್ಷಿಸಿತು. ಈಗ ಮಳೆ ಬಿಡುವು ಕೊಟ್ಟಾಗ ಹೆಚ್ಚಾಗಿ ಬಳಕೆಯಾಗುವುದು ಮ್ಯಾಸ್ಟಿಕ್. ಬಿಟುಮೆನ್, ಸುಣ್ಣಕಲ್ಲಿನ ಪುಡಿ, ಜಲ್ಲಿಗಳನ್ನು ಕುಕ್ಕರಿನಲ್ಲಿ ಹೆಚ್ಚು ಶಾಖಕ್ಕೆ ಬೇಯಿಸಿ ಸುರಿದರೆ ಅದು ರೋಲರ್ ಇಲ್ಲದೆಯೇ ಸಂದಿಲ್ಲದಂತೆ ಕೂರುತ್ತದೆ.

ಅಮೆರಿಕದಲ್ಲಿ 1990ರ ದಶಕದಲ್ಲಿ ನಡೆದ ದೊಡ್ಡ ಪ್ರಯೋಗವೊಂದು ಹೇಳಿದ್ದೂ ಇಲ್ಲಿ ಉಪಯುಕ್ತ. ಮಿಶ್ರಣ ಒಳ್ಳೆಯ ಗುಣಮಟ್ಟದ್ದಾಗಿದ್ದರೆ, ಹೊಂಡಕ್ಕೆ ಸುರಿದು ಲಾರಿಯ ಚಕ್ರ ಹಾಯಿಸುವ ಸುಲಭ ವಿಧಾನವೂ ಕತ್ತರಿಸಿ ಚೌಕ ಮಾಡಿ ತುಂಬುವ ವಿಧಾನದಷ್ಟೇ ಬಾಳಿತಂತೆ. ಅಗ್ಗದ ಮಿಶ್ರಣ ತಂದು ದುಬಾರಿ ಕೂಲಿ ಕೊಡುವ ನಮ್ಮ ಸೊಸೈಟಿಗಳು ಇದನ್ನು ಗಮನಿಸಬೇಕು.

ಪದರದ ಮೇಲೆ ಪದರ

ಎಲ್ಲಕ್ಕಿಂತ ಜನಪ್ರಿಯವಾದ, ಎಲ್ಲಕ್ಕಿಂತ ಕೆಟ್ಟ ಪರಿಹಾರವೆಂದರೆ ಹಳೆಯದರ ಮೇಲೆ ಹೊಸ ಪದರ. ಕೆಳಗಿನ ಬಿರುಕು ಸಾಯುವುದಿಲ್ಲ. ಹೊಸ ಪದರದೊಳಗಿಂದ ಮೇಲಕ್ಕೆ ಬೆಳೆದು ಅದೇ ಜಾಗದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಜೊತೆಗೆ ಅಂಗಳದ ಮಟ್ಟ ಏರುತ್ತ ಹೋಗುತ್ತದೆ. ಗೋರೆಗಾಂವ್‌ನ ಹಳೆಯ ಕಾಲೊನಿಗಳಲ್ಲಿ ಕೆಲವು ನೆಲಮಹಡಿ ಮನೆಗಳ ಹೊಸ್ತಿಲು ರಸ್ತೆಗಿಂತ ತಗ್ಗಿರುವುದನ್ನು ಕಾಣಬಹುದು. ಮನೆ ಕುಸಿದದ್ದಲ್ಲ, ರಸ್ತೆ ಏರಿದ್ದು. ಮಳೆನೀರು ಗಟಾರ ಬಿಟ್ಟು ಮನೆಗೇ ನುಗ್ಗುತ್ತದೆ. ಮೇಲ್ಪದರ ಬದಲಿಸಲೇಬೇಕಾದರೆ ಹಳೆಯದನ್ನು ಅಷ್ಟೇ ದಪ್ಪ ಕೆರೆದು ತೆಗೆದು ಹೊಸತು ಹಾಕಬೇಕು.

ಡಾಂಬರಿನ ಸಹವಾಸವೇ ಸಾಕೆಂದು ಪೇವರ್ ಬ್ಲಾಕಿಗೆ ಹೋದ ಸೊಸೈಟಿಗಳು ಬಹಳ. ಕೇಬಲ್ಲಿಗೆ ಅಗೆಯಬೇಕಾದಾಗ ಬ್ಲಾಕುಗಳನ್ನು ಎತ್ತಿ ಮತ್ತೆ ಜೋಡಿಸಬಹುದೆಂಬ ಅನುಕೂಲ ದೊಡ್ಡದೇ. ಆದರೆ ಸಂದಿಯಲ್ಲಿಳಿದ ನೀರು ಅಡಿಯ ಮರಳನ್ನು ಕೊಚ್ಚಿದರೆ, ಇಲಿ ಬಿಲ ತೋಡಿದರೆ ಅವೂ ಏಳುಬೀಳು. ಪಾಲಿಕೆಯ ಒಲವು ಕಾಂಕ್ರೀಟಿನ ಕಡೆ. ಸುಮಾರು 400 ಕಿಲೋಮೀಟರ್ ರಸ್ತೆಗಳನ್ನು 6,000 ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದಲ್ಲಿ ಕಾಂಕ್ರೀಟ್ ಮಾಡುವ ಯೋಜನೆಗೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಹೊಸ ಕಾಂಕ್ರೀಟಿನಲ್ಲೂ ಬಿರುಕು ಕಂಡು ದೂರುಗಳು ಬಂದವು. ಗುಣಮಟ್ಟ ಪರಿಶೀಲಿಸಲು ಐಐಟಿ ಬಾಂಬೆಯ ನೆರವು ಪಡೆಯಲಾಯಿತು. ಕಾಂಕ್ರೀಟಿನ ಜೋಡಣೆ ಗೆರೆಗಳನ್ನೂ ಕಾಲಕಾಲಕ್ಕೆ ಸೀಲ್ ಮಾಡಬೇಕು. ನೀರನ್ನು ಹೊರಗಿಡುವ ಕೆಲಸ ತಪ್ಪಿಸುವ ರಸ್ತೆ ಇನ್ನೂ ಬಂದಿಲ್ಲ.

ಗೇಟಿನ ಹೊರಗೆ

ಹೊರರಸ್ತೆಯಲ್ಲಿ ಅಲಕ್ಷ್ಯದ ಬೆಲೆ ಹಣದಲ್ಲಿ ಮುಗಿಯುವುದಿಲ್ಲ. ಗೋರೆಗಾಂವ್‌ನ ಆರೆ ಕಾಲೊನಿಯ ದಕ್ಷಿಣದಲ್ಲಿ ಹಾದುಹೋಗುವ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಲ್ಲಿ 2015ರ ಜುಲೈಯಲ್ಲಿ ಮಳೆನೀರು ತುಂಬಿದ್ದ ಹೊಂಡಕ್ಕೆ ಬೈಕು ಬಿದ್ದು ಹದಿಹರೆಯದ ಮಗನನ್ನು ಕಳೆದುಕೊಂಡ ತರಕಾರಿ ವ್ಯಾಪಾರಿ ದಾದಾರಾವ್ ಬಿಲ್ಹೋರೆ, ಅಂದಿನಿಂದ ತಮ್ಮ ಕೈಯಾರೆ ನಗರದ ಹೊಂಡಗಳನ್ನು ಮುಚ್ಚುತ್ತ ಬಂದಿದ್ದಾರೆ. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರಿನಲ್ಲಿ ಹೊಂಡ ಅಥವಾ ತೆರೆದ ಮ್ಯಾನ್‌ಹೋಲಿನಿಂದ ಸಾವು ಸಂಭವಿಸಿದರೆ 6 ಲಕ್ಷ ರೂಪಾಯಿ, ಗಾಯವಾದರೆ 50 ಸಾವಿರದಿಂದ 2.5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು. ಸೊಸೈಟಿಯ ಅಂಗಳ ಹೆದ್ದಾರಿಯಲ್ಲ, ನಿಜ. ಆದರೆ ಬೆಳಗಿನ ಹೊತ್ತು ಅಲ್ಲಿ ಕೋಲೂರಿಕೊಂಡು ನಡೆಯುವ ಹಿರಿಯರಿಗೂ ಸೈಕಲ್ ಕಲಿಯುವ ಮಕ್ಕಳಿಗೂ ಹೊಂಡ ಹೊಂಡವೇ.

ಸೊಸೈಟಿಯ ಸಮಿತಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ಅಕ್ಟೋಬರಿನಲ್ಲಿ ಗುರುತು ಹಾಕುವುದು. ನವೆಂಬರಿನ ಸಭೆಯಲ್ಲಿ ರಿಪೇರಿ ನಿಧಿಯಿಂದ ಬಿರುಕಿಗೆಂದೇ ಒಂದು ಸಣ್ಣ ಮೊತ್ತ ಮಂಜೂರು ಮಾಡುವುದು. ಅದನ್ನು ಪ್ರತಿವರ್ಷದ ಬಜೆಟ್ಟಿನಲ್ಲಿ ಕಾಯಂ ಸಾಲಾಗಿಸುವುದು. ವರ್ಕ್ ಆರ್ಡರಿನಲ್ಲಿ "ಡಾಂಬರು ಕೆಲಸ" ಎಂದು ಬರೆದು ಬಿಡದೆ, ಕಂಪ್ರೆಸರಿನಿಂದ ಸ್ವಚ್ಛ ಮಾಡುವುದು, ಬಳಸುವ ವಸ್ತು, ತೇಪೆಯ ದಪ್ಪ, ಅಂಚು ಸೀಲ್ ಮಾಡುವುದನ್ನು ಒಂದೊಂದಾಗಿ ನಮೂದಿಸಬೇಕು. ಹಣದ ಒಂದು ಪಾಲನ್ನು ಮುಂದಿನ ಮಳೆಗಾಲ ಕಳೆಯುವವರೆಗೆ ಹಿಡಿದಿಟ್ಟುಕೊಳ್ಳಬೇಕು. ಈ ಷರತ್ತಿಗೆ ಒಪ್ಪುವ ಕಂಟ್ರಾಕ್ಟರ್ ನವೆಂಬರಿನಲ್ಲಿ ಸಿಗುತ್ತಾನೆ. ಮೇ ಕೊನೆಯಲ್ಲಿ ಷರತ್ತು ಹಾಕುವವನು ಅವನೇ.